ಆಶುವಿನ ಮನೆತನ: ಮಂಗಳೂರಿನ ಒಂದು ಯೆಹೂದಿ ಕುಟುಂಬದ ಮೂಲ ಮತ್ತು ವಂಶಾವಳಿ

ಕಲಬುರಗಿ, ಕಮಲಾಪುರ, ಸೇಡಂ ಕಡೆಯ ಹಳ್ಳಿಗಳಿಗೆ ಹೆಳವರು ಬರುವ ವಾಡಿಕೆ ಬಹು ಹಳೆಯದು. ಎತ್ತಿನ ಮೇಲೆ ಕುಳಿತು ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಪುರುಷ ಯಾರು, ಯಾವ ಊರಿನಿಂದ ಬಂದವನು, ಅವನಿಗೆ ಮಕ್ಕಳೆಷ್ಟು, ಯಾವ ಕವಲು ಎಲ್ಲಿ ನೆಲೆಸಿತು ಎಂಬುದನ್ನು ತಲೆಮಾರಿನ ಮೇಲೆ ತಲೆಮಾರಾಗಿ ಹೇಳುವುದು ಅವರ ಕುಲವೃತ್ತಿ. ಹೇಳಿಸಿಕೊಂಡವರು ಕಾಳು, ಬಟ್ಟೆ, ಹಣ ಕೊಟ್ಟು ಮನೆಯಲ್ಲಿ ಹೊಸದಾಗಿ ಹುಟ್ಟಿದವರ ಹೆಸರನ್ನು ಅವರ ಕಡತಕ್ಕೆ ಸೇರಿಸುತ್ತಾರೆ. ನೆಲಕ್ಕೆ ಅಂಟಿಕೊಂಡ ಕುಲಗಳಿಗೆ ಇಂಥ ಏರ್ಪಾಡು ಉಂಟು. ಆದರೆ ಕಡಲಾಚೆಯಿಂದ ಬಂದು, ಒಂದೆರಡು ದಶಕ ಇಲ್ಲಿ ಬಾಳಿ, ಮತ್ತೆ ಕಡಲಾಚೆಗೆ ಹೋದ ಕುಟುಂಬದ ಕಥೆಯನ್ನು ಯಾವ ಹೆಳವ ಹೇಳಬೇಕು?

ಕ್ರಿ. ಶ. 12ನೆಯ ಶತಮಾನದ ಮಂಗಳೂರಿನಲ್ಲಿ ನೆಲೆಸಿದ್ದ ಒಂದು ಯೆಹೂದಿ ಕುಟುಂಬದ ಮಟ್ಟಿಗೆ ಈ ಪ್ರಶ್ನೆಗೆ ಉತ್ತರ ದೊರೆತಿದೆ. ಉತ್ತರ ಸಿಕ್ಕಿದ್ದು ಮಂಗಳೂರಿನಲ್ಲಿ ಅಲ್ಲ, ಈಜಿಪ್ಟಿನ ಒಂದು ಪ್ರಾರ್ಥನಾಮಂದಿರದ ಕತ್ತಲ ಕೋಣೆಯಲ್ಲಿ. ಆ ಕಾಗದಗಳ ನೆರವಿನಿಂದ ಆ ಕುಟುಂಬದ ಹಿರಿಯನ ತಂದೆ, ಸೋದರರು, ಮಕ್ಕಳು, ಅಳಿಯ ಎಲ್ಲರ ಹೆಸರುಗಳೂ ತಿಳಿದುಬಂದಿವೆ. ಅವರ ನಡುವೆ ಪಶ್ಚಿಮ ಕರಾವಳಿಯ ಒಬ್ಬ ಹೆಣ್ಣುಮಗಳ ಹೆಸರೂ ಉಳಿದಿದೆ. ಅವಳ ಹೆಸರು ಆಶು.

ಎರಡು ದಾಖಲೆಗಳು, ಒಂದು ವರ್ಷದ ಅಂತರ

ಕನ್ನಡ ನಾಡಿನ ಚರಿತ್ರೆಯನ್ನು ಓದಿದವರಿಗೆ ಕ್ರಿ. ಶ. 1131ನೆಯ ವರ್ಷ ಪರಿಚಿತವಾದದ್ದು. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲದೇವಿ ಶಿವಗಂಗೆಯಲ್ಲಿ ತೀರಿಕೊಂಡದ್ದು ಆ ವರ್ಷ. ಮಗಳ ಅಗಲಿಕೆಯನ್ನು ತಾಳಲಾರದೆ ತಾಯಿ ಮಾಚಿಕಬ್ಬೆ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತ ಸ್ವೀಕರಿಸಿ ದೇಹತ್ಯಾಗ ಮಾಡಿದಳು. ಆಕೆಯ ಸ್ಮಾರಕ ಶಾಸನ ಅವಳ ವ್ರತವನ್ನು ಹೇಳುವುದರ ಜೊತೆಗೆ ಅವಳ ತವರಿನ ವಂಶವನ್ನೂ ವಿವರವಾಗಿ ಹೇಳುತ್ತದೆ. ಗಂಡ ಮಾರಸಿಂಗಯ್ಯ ಶೈವ, ಹೆಂಡತಿ ಜಿನಭಕ್ತೆ. ಮಗಳು ಅರಮನೆಯ ಅರಸಿ. ಅಂಥವರ ಮನೆತನ ಕಲ್ಲಿನ ಮೇಲೆ ಉಳಿಯುವುದು ಸಹಜವೇ ಆಗಿತ್ತು.

ಮರುವರ್ಷ, ಅಂದರೆ 1132ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಇನ್ನೊಬ್ಬ ಹೆಣ್ಣಿನ ಹೆಸರು ಬರಹಕ್ಕೆ ಬಂತು. ಅದು ಕಲ್ಲಿನ ಮೇಲಲ್ಲ, ಕಾಗದದ ಮೇಲೆ. ಕನ್ನಡ ಲಿಪಿಯಲ್ಲಲ್ಲ, ಹೀಬ್ರೂ ಲಿಪಿಯಲ್ಲಿ. ಅದು ಪ್ರಶಸ್ತಿಯೂ ಅಲ್ಲ, ಒಬ್ಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿದ ಪತ್ರ. ಬಿಡುಗಡೆ ಹೊಂದಿದವಳು ಆಶು. ಬಿಡುಗಡೆ ಮಾಡಿದವನು ಪೆರಹ್ಯನ ಮಗ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ. ಆ ಹಾಳೆ ಇಂದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿದೆ. ಮಾಚಿಕಬ್ಬೆಯ ತವರು ಹಲವು ಸಾಲುಗಳಲ್ಲಿ ಉಳಿಯಿತು. ಆಶುವಿನ ತವರು, ಮುಂದೆ ಕಾಣುವಂತೆ, ಒಂದೇ ಒಂದು ಪದದಲ್ಲಿ ಉಳಿದಿದೆ.

ಪರದೇಶಿಗಳು ಮತ್ತು ಕನ್ನಡ ಅರಸರು

ಪಶ್ಚಿಮ ಏಷ್ಯಾದ ವರ್ತಕನೊಬ್ಬ ಕರ್ನಾಟಕದ ಕರಾವಳಿಯಲ್ಲಿ ಮನೆ ಮಾಡಿದ್ದು ಆ ಕಾಲಕ್ಕೆ ಅಚ್ಚರಿಯ ಸಂಗತಿಯಾಗಿರಲಿಲ್ಲ. ಅದಕ್ಕೂ ಮೂರು ಶತಮಾನ ಹಿಂದೆ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ರಾಷ್ಟ್ರಕೂಟರು ಆಳುತ್ತಿದ್ದಾಗಲೇ ಅರಬ್ ಲೇಖಕರು ಈ ನಾಡನ್ನು ಚೆನ್ನಾಗಿ ಅರಿತಿದ್ದರು. ಅಮೋಘವರ್ಷನ ಆಸ್ಥಾನದಿಂದಲೂ ಜಿನಸೇನಾಚಾರ್ಯರಿಂದಲೂ ಕನ್ನಡಿಗರಿಗೆ ಪೂಜ್ಯವಾದ ಮಾನ್ಯಖೇಟವನ್ನು ಅವರು ಮಾಂಕೀರ್ ಎಂದೂ, ‘ವಲ್ಲಭರಾಜ’ನನ್ನು ಬಲ್ಹರಾ ಎಂದೂ ಕರೆದರು. 851ರ ಕಾಲದ ಸುಲೈಮಾನನ ಹೆಸರಿನ ವೃತ್ತಾಂತವೂ 10ನೆಯ ಶತಮಾನದ ಅಲ್ ಮಸೂದಿಯ ಬರಹವೂ ಈ ಅರಸರು ಅರಬ್ ವರ್ತಕರಿಗೆ ತೋರಿದ ಆದರವನ್ನು ಕೊಂಡಾಡುತ್ತವೆ. ಮೂರನೆಯ ಇಂದ್ರನ ಕಾಲದ, 926ರ ಚಿಂಚಣಿ ತಾಮ್ರಪಟದಲ್ಲಿ ಮಧುಮತಿ ಎಂಬ ‘ತಾಜಿಕ’ನು ಸಂಜಾನ ಪ್ರದೇಶದ ಅಧಿಕಾರಿಯಾಗಿದ್ದ ಸಂಗತಿ ಬರುತ್ತದೆ. ಮುಹಮ್ಮದ್ ಎಂಬ ಹೆಸರೇ ಸಂಸ್ಕೃತದ ನಾಲಿಗೆಯಲ್ಲಿ ಮಧುಮತಿಯಾಯಿತು. ಹೊರಗಿನವರು ಬಂದರು, ನೆಲೆಸಿದರು, ಅವರ ಹೆಸರುಗಳು ಈ ನೆಲದ ಉಚ್ಚಾರಕ್ಕೆ ಒಗ್ಗಿಕೊಂಡವು.

ಬೆನ್ ಯಿಜು ಮಂಗಳೂರಿನಲ್ಲಿದ್ದಾಗ ಕಲ್ಯಾಣದ ಸಿಂಹಾಸನದಲ್ಲಿ ‘ಮಾನಸೋಲ್ಲಾಸ’ದ ಕರ್ತೃ ಮೂರನೆಯ ಸೋಮೇಶ್ವರನೂ ಆಮೇಲೆ ಎರಡನೆಯ ಜಗದೇಕಮಲ್ಲನೂ ಇದ್ದರು. ಘಟ್ಟದ ಮೇಲೆ ವಿಷ್ಣುವರ್ಧನ ಬಲಿಷ್ಠನಾಗಿದ್ದನು. ತುಳುನಾಡಿನಲ್ಲಿ ಅಳುಪರ ಕವಿ ಅಳುಪೇಂದ್ರ ಆಳುತ್ತಿದ್ದನು. ಯೆಹೂದಿ ವರ್ತಕರ ಕಾಗದಗಳಲ್ಲಿ ಮಂಗಳೂರಿನ ಹೆಸರು ‘ಮಂಜರೂರ್’.

ಗೆನೀಜಾ ಎಂಬ ಶಾಸ್ತ್ರಭಂಡಾರ

ದೇವರ ನಾಮ ಬರೆದ ಕಾಗದವನ್ನು ಸುಡಬಾರದು, ಹರಿದು ಎಸೆಯಬಾರದು ಎಂಬುದು ಯೆಹೂದಿಗಳ ನಿಯಮ. ಹಳತಾದ ಬರಹಗಳನ್ನು ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ತುಂಬಿಡುತ್ತಿದ್ದರು. ಆ ಕೋಣೆಗೆ ಗೆನೀಜಾ ಎಂದು ಹೆಸರು. ಹಳೆಯ ಕೈರೋ ಆದ ಫುಸ್ತಾತ್‌ನ ಬೆನ್ ಎಜ್ರಾ ಮಂದಿರದ ಗೆನೀಜಾದಲ್ಲಿ ಧರ್ಮಗ್ರಂಥದ ಹಾಳೆಗಳ ಜೊತೆಗೆ ಹೀಬ್ರೂ ಲಿಪಿಯಲ್ಲಿ ಅರಬ್ಬೀ ಭಾಷೆಯಲ್ಲಿ ಬರೆದ ವ್ಯಾಪಾರದ ಪತ್ರ, ಲೆಕ್ಕ, ಮದುವೆಯ ಒಪ್ಪಂದ, ನ್ಯಾಯಾಲಯದ ಕಡತ ಎಲ್ಲವೂ ಶತಮಾನಗಳ ಕಾಲ ಸೇರಿಕೊಂಡವು. 1896–97ರಲ್ಲಿ ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಅವುಗಳಲ್ಲಿ ಬಹುಪಾಲನ್ನು ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಸಾಗಿಸಿದರು. ಅಲ್ಲಿನ ಸಂಗ್ರಹದಲ್ಲಿ ಸುಮಾರು 1,93,000 ತುಣುಕುಗಳಿವೆ.

ಈ ಆಚಾರದ ಹಿಂದಿನ ಭಾವ ಜೈನ ಓದುಗರಿಗೆ ಅಪರಿಚಿತವಲ್ಲ. ಶ್ರುತವನ್ನು ದೇವತೆಯೆಂದು ಪೂಜಿಸಿ, ಶ್ರುತಪಂಚಮಿಯಂದು ಓಲೆಗರಿಗಳನ್ನು ಹೊರತೆಗೆದು ಧೂಳು ಕೊಡವಿ ಮತ್ತೆ ಕಟ್ಟಿಡುವ ಸಮಾಜವಿದು. ಷಟ್ಖಂಡಾಗಮದ ಧವಳಾ ಟೀಕೆಯ ಓಲೆಗರಿಗಳು ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದದ್ದು, 1939ರಿಂದ ಡಾ. ಹೀರಾಲಾಲ ಜೈನರ ಸಂಪಾದನೆಯಲ್ಲಿ ಅಚ್ಚಾದದ್ದು ಇಂಥ ಶ್ರದ್ಧೆಯ ಫಲವೇ. ಒಂದು ವ್ಯತ್ಯಾಸವುಂಟು. ಬಸದಿಯ ಭಂಡಾರದಲ್ಲಿ ಶಾಸ್ತ್ರ ಉಳಿಯಿತು; ಗೆನೀಜಾದಲ್ಲಿ ಶಾಸ್ತ್ರದ ಜೊತೆಗೆ ಸಂಸಾರವೂ ಉಳಿಯಿತು.

ಈ ಸಂಸಾರಗಳನ್ನು ಓದಿ ಜೋಡಿಸಿದವರಲ್ಲಿ ಮೊದಲಿಗರು ಎಸ್. ಡಿ. ಗೊಯ್‌ಟೈನ್. ಭಾರತದೊಡನೆ ವ್ಯಾಪಾರ ನಡೆಸಿದವರ ಕಾಗದಗಳನ್ನೆಲ್ಲ ಒಟ್ಟುಗೂಡಿಸಿ ‘ಭಾರತ ಗ್ರಂಥ’ವೊಂದನ್ನು ಸಿದ್ಧಪಡಿಸುವ ಅವರ ಕೆಲಸ 1985ರಲ್ಲಿ ಅವರು ತೀರಿಕೊಂಡಾಗ ಮುಗಿದಿರಲಿಲ್ಲ. ಅದನ್ನು ಮುಂದುವರಿಸಿದ ಮೊರ್ದೆಖಾಯ್ ಫ್ರೀಡ್‌ಮನ್ 2008ರಲ್ಲಿ ಇಂಗ್ಲಿಷ್ ಸಂಪುಟವನ್ನು ಹೊರತಂದರು. ಒಂದೇ ಹಾಳೆಯ ಎರಡು ತುಂಡುಗಳು ಎರಡು ದೇಶಗಳ ಗ್ರಂಥಾಲಯಗಳಲ್ಲಿ ಇರಬಹುದು. ಪತ್ರದ ಬೆನ್ನಿನ ಮೇಲೆ ಅಡುಗೆಮನೆಯ ಸಾಮಾನಿನ ಪಟ್ಟಿ ಇರಬಹುದು. ಅಕ್ಷರದ ಹೊರಳನ್ನು ನೋಡಿ ಬರೆದವನನ್ನು ಗುರುತಿಸಿ, ಹೆಸರಿಗೆ ಹೆಸರು ಕೂಡಿಸಿ ವಂಶಾವಳಿ ಕಟ್ಟಬೇಕು. ಬೆನ್ ಯಿಜುವಿನ ಕೈಬರಹ ಬಹಳ ಅಂದವಾದದ್ದು, ಅವನು ಲಿಪಿಕಾರನೂ ಕವಿಯೂ ಹೌದು. ಹೀಗಾಗಿ ಅವನ ಕಾಗದಗಳನ್ನು ಗುರುತಿಸುವುದು ಸಾಧ್ಯವಾಯಿತು.

ಮಹ್ದಿಯಾದಿಂದ ಮಂಗಳೂರಿಗೆ

ಈ ಕುಟುಂಬದ ಊರು ಇಂದಿನ ಟುನೀಸಿಯಾದ ಕರಾವಳಿಯ ಮಹ್ದಿಯಾ. ಯಿಜು ಎಂಬ ಮನೆತನದ ಹೆಸರು ಉತ್ತರ ಆಫ್ರಿಕದ ಬರ್ಬರ್ ಬುಡಕಟ್ಟೊಂದರ ಹೆಸರಿನಿಂದ ಬಂದದ್ದೆಂದು ಗೊಯ್‌ಟೈನ್ ಭಾವಿಸಿದ್ದರು. ತಂದೆ ಪೆರಹ್ಯ. ಅಬ್ರಹಾಮನಿಗೆ ಯೋಸೆಫ್, ಮುಬಶ್ಶಿರ್ ಎಂಬ ಇಬ್ಬರು ಸೋದರರು, ಬೆರಾಖಾ ಎಂಬ ಸೋದರಿ. ಅಬ್ರಹಾಂ ಊರು ಬಿಟ್ಟು ಏಡನ್ ಸೇರಿದನು. ಅಲ್ಲಿನ ವರ್ತಕರ ಪ್ರತಿನಿಧಿಯೂ ಯೆಮನ್ ಯೆಹೂದಿಗಳ ಮುಖ್ಯಸ್ಥನೂ ಆಗಿದ್ದ ಮದ್ಮೂನ್ ಅವನಿಗೆ ಆಶ್ರಯದಾತನಾದನು. ಅಲ್ಲಿಂದ ಅವನು ಮಂಗಳೂರಿಗೆ ಬಂದನು. 1132ರಿಂದ 1149ರವರೆಗೆ, ನಡುವೆ ಕೆಲವು ಕಾಲ ಯೆಮನ್‌ಗೆ ಹೋಗಿಬಂದದ್ದನ್ನು ಬಿಟ್ಟರೆ, ಅವನ ಬಾಳು ಈ ಕರಾವಳಿಯಲ್ಲೇ ಸಾಗಿತು.

ಇಲ್ಲಿಂದ ಅವನು ಕಳುಹಿಸಿದ್ದು ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ. ಅಲ್ಲಿಂದ ಬಂದದ್ದು ತಾಮ್ರ, ಸೀಸ, ತವರ, ರೇಷ್ಮೆ, ಸಕ್ಕರೆ, ಒಣದ್ರಾಕ್ಷಿ, ಚಾಪೆ ಮತ್ತು ಕಾಗದ. ತುಳುನಾಡು ಓಲೆಗರಿಯ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ಅವನು ಈಜಿಪ್ಟಿನ ಒಳ್ಳೆಯ ಕಾಗದವನ್ನು ತರಿಸಿಕೊಂಡು ಅದರ ಮೇಲೆ ಬರೆದನು. ಇಂದು ಅವನ ಕಥೆ ಹೇಳಲು ಸಾಧ್ಯವಾದದ್ದು ಆ ಕಾಗದದಿಂದಲೇ.

ಮಂಗಳೂರಿನಲ್ಲಿ ಅವನಿಗೆ ಕಂಚಿನ ಪಾತ್ರೆಗಳ ಕಾರ್ಖಾನೆಯಿತ್ತು. ಏಡನ್‌ನ ಗಿರಾಕಿಗಳು ಒಡೆದ ಹೂಜಿ, ಹಳೆಯ ತಟ್ಟೆ, ದೀಪಗಳನ್ನು ಹಡಗಿನಲ್ಲಿ ಕಳುಹಿಸಿ, ಇದನ್ನು ಕರಗಿಸಿ ಇಂಥ ಆಕಾರದ, ಇಷ್ಟು ತೂಕದ ಪಾತ್ರೆ ಮಾಡಿಸಿಕೊಡಿ ಎಂದು ಬರೆಯುತ್ತಿದ್ದರು. ಒಂದು ಪಾತ್ರೆಗಾಗಿ ಕಡಲು ದಾಟಿ ಇಲ್ಲಿಗೆ ಕಳುಹಿಸುವಷ್ಟು ಈ ಕರಾವಳಿಯ ಕೈಗೆಲಸಕ್ಕೆ ಹೆಸರಿತ್ತು. ಕದ್ರಿಯ ಲೋಕೇಶ್ವರ ವಿಗ್ರಹವನ್ನು ಕಂಡವರಿಗೆ ಇದು ಉತ್ಪ್ರೇಕ್ಷೆಯೆನಿಸದು. ಅಳುಪ ಕುಂದವರ್ಮನ ಶಾಸನವನ್ನು ಪೀಠದಲ್ಲಿ ಹೊತ್ತ ಆ ಕಂಚಿನ ಮೂರ್ತಿ 968ರದು. ಬೆನ್ ಯಿಜು ಬರುವುದಕ್ಕೆ ಒಂದೂವರೆ ಶತಮಾನ ಮುಂಚೆಯೇ ಮಂಗಳೂರಿನಲ್ಲಿ ಲೋಹದ ಎರಕ ಅಷ್ಟು ಪ್ರೌಢವಾಗಿತ್ತು.

ಒಂದು ಪದದ ತವರು

ಈಗ ಆಶುವಿನ ವಿಷಯ. ಯೆಹೂದಿ ಧರ್ಮಶಾಸ್ತ್ರದಲ್ಲಿ ಮಗುವಿನ ಕುಲ ತಾಯಿಯಿಂದ ನಿರ್ಣಯವಾಗುತ್ತದೆ. ತಂದೆ ಎಷ್ಟೇ ಕುಲೀನನಾಗಿರಲಿ, ತಾಯಿ ದಾಸಿಯಾಗಿದ್ದರೆ ಮಗು ದಾಸಿಯ ಮಗುವೇ, ಯೆಹೂದಿಯಲ್ಲ. ವಿಧಿವತ್ತಾಗಿ ಬಿಡುಗಡೆ ಹೊಂದಿದ ದಾಸಿಯಾದರೋ ಪೂರ್ಣ ಯೆಹೂದಿಯಾಗುತ್ತಾಳೆ; ಅನಂತರ ಅವಳಿಗೆ ಹುಟ್ಟುವ ಮಕ್ಕಳ ಕುಲಕ್ಕೆ ಕುಂದಿಲ್ಲ. ಆದ್ದರಿಂದ 1132ರ ಆ ಪತ್ರ ಬರೀ ಔದಾರ್ಯದ ಗುರುತಲ್ಲ, ಹುಟ್ಟಲಿರುವ ಮಕ್ಕಳ ವಂಶಕ್ಕೆ ಹಾಕಿದ ಅಡಿಪಾಯ. ಅದರಲ್ಲಿ ಆಶುವಿಗೆ ಬೆರಾಖಾ ಎಂಬ ಹೊಸ ಹೆಸರು ಕೊಡಲಾಗಿದೆ. ‘ಆಶೀರ್ವಾದ’ ಎಂದು ಅದರ ಅರ್ಥ. ಬೆನ್ ಯಿಜುವಿನ ಸ್ವಂತ ಸೋದರಿಯ ಹೆಸರೂ ಅದೇ. ಅವನ ಮಕ್ಕಳ ತಾಯಿ ಆಶುವೇ ಎಂದು ವಿದ್ವಾಂಸರು ತೀರ್ಮಾನಿಸಿದ್ದು ಈ ಪತ್ರ ಮತ್ತು ಮುಂದಿನ ಲೆಕ್ಕಗಳ ಆಧಾರದ ಮೇಲೆ.

ಆ ಲೆಕ್ಕಗಳಲ್ಲೊಂದು ಕಡೆ ಆಶುವಿನ ಸೋದರನ ಉಲ್ಲೇಖವಿದೆ. ಅವನನ್ನು ‘ನಾಯರ್’ ಎಂದು ಕರೆದಿದೆ. ಆಶುವಿನ ಮೂಲಕ್ಕೆ ದೊರೆಯುವ ಸುಳಿವು ಈ ಒಂದು ಪದ. ಹಣದ ಲೆಕ್ಕ ಬರೆಯುವಾಗ ಯಾರಿಗೆ ಕೊಟ್ಟದ್ದೆಂದು ಮರೆಯದಿರಲು ವರ್ತಕ ಬರೆದುಕೊಂಡ ಗುರುತು ಒಂದು ಹೆಣ್ಣಿನ ತವರನ್ನು ಒಂಬತ್ತು ಶತಮಾನ ಕಾಯ್ದುಕೊಂಡು ಬಂತು.

ನಾಯರರದು ತಾಯಿಯ ಕಡೆಯಿಂದ ಕುಲ ಎಣಿಸುವ ಸಮಾಜ. ತುಳುನಾಡಿನಲ್ಲೂ ಅಳಿಯಸಂತಾನ ಪದ್ಧತಿ ಬೇರುಬಿಟ್ಟಿತ್ತು. ಬಂಟರು ಮಾತ್ರವಲ್ಲ, ಚೌಟರಂಥ ಜೈನ ಅರಸು ಮನೆತನಗಳೂ ಅದನ್ನೇ ಅನುಸರಿಸಿದವು. ಹೀಗೆ ತಾಯಿಯಿಂದ ಕುಲ ನೋಡುವ ಎರಡು ನಿಯಮಗಳು ಮಂಗಳೂರಿನ ಒಂದು ಮನೆಯಲ್ಲಿ ಎದುರುಬದುರಾದವು. ಆಶುವಿನ ತವರಿನ ನಿಯಮದಂತೆ ಮಕ್ಕಳು ಅವಳ ತರವಾಡಿನವರು, ಸೋದರಮಾವನ ಮನೆಯವರು. ಗಂಡನ ಶಾಸ್ತ್ರದಂತೆಯೂ ಮಕ್ಕಳು ತಾಯಿಯ ಕುಲದವರೇ, ಆದರೆ ಆ ತಾಯಿ ಮೊದಲು ಹಳೆಯ ಹೆಸರು ಕಳಚಿ ಬೆರಾಖಾ ಆಗಿರಬೇಕು. ಒಂದು ಹೆಸರನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಿತ್ತು. ಲೆಕ್ಕದ ಹಾಳೆ ಬರೆಯುವಾಗ ಮಾತ್ರ ಗಂಡನಿಗೂ ಆಶು ಎಂಬ ಹೆಸರೇ ನೆನಪಾಗುತ್ತಿತ್ತು.

ಬ-ಮ: ಹೆಸರಿನ ಓದು

ಬೆನ್ ಯಿಜುವಿನ ಪರವಾಗಿ ಏಡನ್‌ಗೆ ಸರಕು ಕೊಂಡೊಯ್ದು ವ್ಯವಹಾರ ನೋಡಿಕೊಳ್ಳುತ್ತಿದ್ದ ಒಬ್ಬ ಭಾರತೀಯ ದಾಸನಿದ್ದನು. ಖಲಫ್ ಎಂಬ ಏಡನ್ ವರ್ತಕ 1148ರಲ್ಲಿ ಬರೆದ ಪತ್ರದಲ್ಲಿ ಅವನಿಗೂ ವಂದನೆ ತಿಳಿಸಿದ್ದಾನೆ. ಸ್ವರಾಕ್ಷರಗಳನ್ನು ಪೂರ್ಣವಾಗಿ ಬರೆಯದ ಆ ಲಿಪಿಯಲ್ಲಿ ಉಳಿದದ್ದು ಬ ಮತ್ತು ಮ ಎಂಬ ವ್ಯಂಜನಗಳು. ಗೊಯ್‌ಟೈನ್ ಅದನ್ನು ಬಾಮ ಎಂದು ಓದಿ, ಬ್ರಹ್ಮ ಎಂಬುದರ ಮುದ್ದಿನ ರೂಪವೆಂದರು. ಈ ದಾಸನ ಬೆನ್ನುಹತ್ತಿ 1990ರಲ್ಲಿ ಮಂಗಳೂರಿಗೆ ಬಂದ ಅಮಿತಾವ್ ಘೋಷ್ ಅವರಿಗೆ ಪ್ರೊ. ಬಿ. ಎ. ವಿವೇಕ ರೈ ಅವರು ಅದು ‘ಬೊಮ್ಮ’ ಇರಬೇಕೆಂದು ಸೂಚಿಸಿದರು. ಕಗ್ಗಂಟು ಬಿಡಿಸಿಕೊಂಡಿತು. ಬ್ರಹ್ಮ ಶಬ್ದದ ತದ್ಭವ ಬೊಮ್ಮ. ಆ ಕಾಲದ ಶಾಸನಗಳಲ್ಲಿ ಬೊಮ್ಮ, ಬೊಮ್ಮಯ್ಯ ಎಂಬ ಹೆಸರುಗಳು ಬೇಕಾದಷ್ಟು ಸಿಗುತ್ತವೆ. ತುಳುವರ ಬೆರ್ಮೆರ್ ಆರಾಧನೆಯಲ್ಲೂ ಜೈನ ಬಸದಿಗಳ ಮುಂದಿನ ಬ್ರಹ್ಮದೇವರ ಕಂಬದಲ್ಲೂ ಆ ಶಬ್ದದ ನೆರಳಿದೆ. ಈ ಶೋಧದ ಕಥೆಯನ್ನು ಘೋಷ್ 1992ರಲ್ಲಿ ಪ್ರಕಟವಾದ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಕೃತಿಯಲ್ಲಿ ಹೇಳಿದ್ದಾರೆ. ಹೀಬ್ರೂ, ಅರಬ್ಬೀ ಬಲ್ಲ ಪಂಡಿತರು ಅಕ್ಷರಗಳನ್ನು ಓದಿಟ್ಟಿದ್ದರು. ಆ ಹೆಸರು ನಾಲಿಗೆಯ ಮೇಲೆ ಹೇಗೆ ನುಡಿಯುತ್ತಿತ್ತೆಂದು ಹೇಳಲು ಈ ನಾಡಿನ ನುಡಿ ಬಲ್ಲವರೇ ಬೇಕಾಯಿತು.

ಬೇರಿನ ಕಡೆಗೆ ಮರಳಿದವನು

1148ರಲ್ಲಿ ಸಿಸಿಲಿಯ ದೊರೆ ಎರಡನೆಯ ರೋಜರ್ ಮಹ್ದಿಯಾವನ್ನು ವಶಪಡಿಸಿಕೊಂಡನು. ಬೆನ್ ಯಿಜುವಿನ ಒಡಹುಟ್ಟಿದವರು ದಿಕ್ಕಾಪಾಲಾಗಿ ಸಿಸಿಲಿ ಸೇರಿದರು. ಮರುವರ್ಷ ಅವನು ಮಕ್ಕಳೊಡನೆ ಏಡನ್‌ಗೆ ಬಂದಿಳಿದು, ಸೆಪ್ಟೆಂಬರ್ ತಿಂಗಳಲ್ಲಿ ಸೋದರರಿಗೆ ಪತ್ರ ಬರೆದನು. ಸಂಪತ್ತಿನೊಡನೆ ಮರಳಿರುವೆನೆಂದೂ, ನೀವು ಬಂದರೆ ಹಂಚಿಕೊಂಡು ಬಾಳೋಣವೆಂದೂ, ಮಗಳನ್ನು ಅಣ್ಣತಮ್ಮಂದಿರ ಮಗನಿಗೇ ಕೊಡುವೆನೆಂದೂ ತಿಳಿಸಿದನು. ಆ ಪತ್ರದಲ್ಲಿ ಮಕ್ಕಳ ಪ್ರಸ್ತಾಪವಿದೆ. ತಾಯಿಯ ಪ್ರಸ್ತಾಪವಿಲ್ಲ.

ಬಂದ ಸುಖ ನಿಲ್ಲಲಿಲ್ಲ. ಸೋದರ ಮುಬಶ್ಶಿರ್ ಬಂದು ದೊಡ್ಡ ಮೊತ್ತವನ್ನು ವಂಚಿಸಿಕೊಂಡು ಹೋದನು. ಮಗ ಸುರೂರ್ ತೀರಿಕೊಂಡನು. ಅವನು ಮಗುವಾಗಿದ್ದಾಗ ಮದ್ಮೂನ್ ಏಡನ್‌ನಿಂದ ಹವಳದ ತುಂಡೊಂದನ್ನು ಅವನಿಗೆಂದು ಕಳುಹಿಸಿದ್ದನು. ಉಳಿದವಳು ಮಗಳು ಸಿತ್ ಅಲ್ ದಾರ್ ಒಬ್ಬಳೇ; ‘ಮನೆಯೊಡತಿ’ ಎಂದು ಆ ಹೆಸರಿನ ಅರ್ಥ. ಅವಳನ್ನು ಏಡನ್‌ನ ಗೆಳೆಯ ಖಲಫ್ ತನ್ನ ಮನೆಯಲ್ಲಿ ಮೂರು ವರ್ಷ ಇರಿಸಿಕೊಂಡು, ತನ್ನ ಮಗನಿಗೆ ತಂದುಕೊಳ್ಳಲು ಬಯಸಿದನು. ಬೆನ್ ಯಿಜು ಒಪ್ಪಲಿಲ್ಲ. ಎಷ್ಟೇ ಉಪಕಾರಿಯಾದರೂ ಪರರಿಗಿಂತ ಸೋದರನ ಮಗನಿಗೆ ಹಕ್ಕು ಹೆಚ್ಚೆಂಬುದು ಅವನ ನಿಲುವು. ಅವನು ಯೋಸೆಫನಿಗೆ ಬರೆದನು. ಯೋಸೆಫನ ಹಿರಿಯ ಮಗ, ಅಜ್ಜನ ಹೆಸರು ಹೊತ್ತ ಪೆರಹ್ಯ, ಸಿಸಿಲಿಯಿಂದ ಹೊರಟು ಈಜಿಪ್ಟಿಗೆ ಬಂದನು. ಅವನ ತಮ್ಮ ಮೋಶೆ ದಾರಿಯಲ್ಲಿ ಕಡಲ್ಗಳ್ಳರ ಕೈಗೆ ಸಿಕ್ಕಿದನು. ಕೊನೆಗೆ 1156ರಲ್ಲಿ ಫುಸ್ತಾತ್‌ನಲ್ಲಿ ಪೆರಹ್ಯನಿಗೂ ಸಿತ್ ಅಲ್ ದಾರ್‌ಗೂ ಮದುವೆಯಾಯಿತು. ಪೆರಹ್ಯ ಮುಂದೆ ಅಲ್ ಮಹಲ್ಲಾ ಎಂಬ ಊರಿನ ಯೆಹೂದಿ ನ್ಯಾಯಾಧೀಶನಾದನು.

ಧರ್ಮಶಾಸ್ತ್ರದ ಅಧಿಕಾರಿಯಾಗಬಲ್ಲ ಪಂಡಿತನೊಬ್ಬ ಕೈಹಿಡಿದದ್ದು ಮಂಗಳೂರಿನಲ್ಲಿ ಹುಟ್ಟಿದ, ಒಂದು ಕಾಲಕ್ಕೆ ದಾಸಿಯಾಗಿದ್ದವಳ ಮಗಳನ್ನು. ಇಂಥ ಮಕ್ಕಳ ಕುಲದ ಬಗೆಗೆ ಪ್ರಶ್ನೆ ಏಳುತ್ತಿತ್ತು. ಆ ಕುರಿತ ಶಾಸ್ತ್ರವಿಚಾರ ಬೆನ್ ಯಿಜುವಿನ ಕಾಗದಗಳಲ್ಲೇ ಇದೆ. ಆ ಪ್ರಶ್ನೆಗೆ ಅವನ ಬಳಿಯಿದ್ದ ಉತ್ತರ 24 ವರ್ಷ ಹಿಂದೆ ಮಂಗಳೂರಿನಲ್ಲಿ ಬರೆದ ಒಂದು ಹಾಳೆ. ಅದು ಇರದಿದ್ದರೆ ಸಿತ್ ಅಲ್ ದಾರ್ ಯಾರ ಮನೆಯ ಒಡತಿಯೂ ಆಗುತ್ತಿರಲಿಲ್ಲ.

ವಂಶಾವಳಿಯ ಋಣ

ವಂಶಾವಳಿಯನ್ನು ಹುಡುಕುವವರು ಸಾಮಾನ್ಯವಾಗಿ ಮೂಲಪುರುಷನನ್ನು ಹುಡುಕುತ್ತಾರೆ. ಹೆಳವನ ಬಾಯಲ್ಲಿ ಬರುವುದೂ ಅವನ ಹೆಸರೇ. ತಾಮ್ರಪಟಗಳು ತೊಡಗುವುದೂ ಅವನಿಂದಲೇ. ಯಿಜು ಕುಟುಂಬದ ವಂಶಾವಳಿಯನ್ನೂ ಹಾಗೆ ಬರೆಯಬಹುದು: ಪೆರಹ್ಯನ ಮಗ ಅಬ್ರಹಾಂ, ಅವನ ಮಗಳು ಸಿತ್ ಅಲ್ ದಾರ್, ಅವಳ ಗಂಡ ಯೋಸೆಫನ ಮಗ ಪೆರಹ್ಯ. ಸಾಲು ಪೂರ್ಣವಾಗಿ ಕಾಣುತ್ತದೆ. ಆದರೆ ಆ ಕುಟುಂಬದ ಸ್ವಂತ ಶಾಸ್ತ್ರದ ಪ್ರಕಾರವೇ ಅದು ಸರಿಯಾದ ಸಾಲಲ್ಲ. ಮಗಳ ಕುಲ ನಿಂತಿರುವುದು ತಂದೆಯ ಮೇಲಲ್ಲ, ತಾಯಿಯ ಮೇಲೆ. ಆ ತಾಯಿಯ ಕುಲ ನಿಂತಿರುವುದು ಒಂದು ಬಿಡುಗಡೆಯ ಪತ್ರದ ಮೇಲೆ.

ಈ ಕಥೆಯನ್ನು ಎರಡು ಧರ್ಮಗಳ ಮಧುರ ಮಿಲನವೆಂದಷ್ಟೇ ಹೇಳಿದರೆ ಅರ್ಧ ಸತ್ಯವಾಗುತ್ತದೆ. ಬಿಡುಗಡೆ ಮಾಡುವ ಮೊದಲು ಅವಳು ಅವನ ಒಡೆತನದಲ್ಲಿದ್ದಳು ಎಂಬುದನ್ನು ಅದೇ ಕಾಗದ ಸಾರುತ್ತದೆ. ಬೊಮ್ಮನ ಹೆಸರು ಈಜಿಪ್ಟಿನಲ್ಲಿ ಬರೆದ ಲೆಕ್ಕಗಳಲ್ಲೂ ಬರುತ್ತದೆ. ಒಡೆಯನ ಜೊತೆಗೆ ಅಷ್ಟು ದೂರ ಹೋದ ಅವನಿಗೂ ತುಳುನಾಡಿನಲ್ಲಿ ತಂದೆತಾಯಿ ಇದ್ದರು, ಅವರ ಹೆಸರನ್ನು ಯಾವ ಕಾಗದವೂ ಕೇಳಲಿಲ್ಲ.

ಗೆನೀಜಾ ಕೋಣೆಗೆ ಆ ಹಾಳೆಗಳನ್ನು ಹಾಕಿದವರು ಉಳಿಸಲು ಬಯಸಿದ್ದು ದೇವರ ನಾಮವನ್ನು. ಅದರ ಜೊತೆಗೆ ಮಂಗಳೂರಿನ ಒಬ್ಬ ಹೆಂಗಸಿನ ಹೆಸರು, ಅವಳ ಸೋದರನ ಕುಲದ ಹೆಸರು, ಒಬ್ಬ ದಾಸನ ಹೆಸರಿನ ಎರಡು ವ್ಯಂಜನಗಳು ಉಳಿದುಬಂದವು. ಯಿಜು ಮನೆತನದ ವಂಶಾವಳಿಯನ್ನು ಕನ್ನಡದಲ್ಲಿ ಬರೆಯುವವರು ಅದನ್ನು ಆಶುವಿನಿಂದಲೇ ತೊಡಗಬೇಕು. ಶಾಸ್ತ್ರಕ್ಕೂ ಅದೇ ಒಪ್ಪಿತ, ತವರಿನ ಪದ್ಧತಿಗೂ ಅದೇ ಒಪ್ಪಿತ.